ಅಡ್ವಾನ್ಸ್ ಪೆರೋಲ್ (ಅಮೆರಿಕದ ವಲಸೆ ಕಾನೂನು)

ಅಡ್ವಾನ್ಸ್ ಪೆರೋಲ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಯಂ ನಿವಾಸಕ್ಕೆ, ಅಂದರೆ ಗ್ರೀನ್ ಕಾರ್ಡಿಗೆ, ಅರ್ಜಿ ಸಲ್ಲಿಸಿ ತೀರ್ಮಾನಕ್ಕಾಗಿ ಕಾಯುತ್ತಿರುವ ವಿದೇಶೀಯರು ತಾತ್ಕಾಲಿಕವಾಗಿ ಹೊರದೇಶಕ್ಕೆ ಹೋಗಿ ಮರಳಲು ಮುಂಚಿತವಾಗಿ ಪಡೆಯುವ ಪ್ರಯಾಣ ಪರವಾನಗಿ. ಇದಿಲ್ಲದೆ ದೇಶ ಬಿಟ್ಟ ಹೆಚ್ಚಿನ ಅರ್ಜಿದಾರರ ಅರ್ಜಿಯನ್ನು ಅವರೇ ಕೈಬಿಟ್ಟರೆಂದು ಕಾನೂನು ಪರಿಗಣಿಸುತ್ತದೆ. ಅಮೆರಿಕದ ಪೌರರನ್ನು ಮದುವೆಯಾದವರು ಹಾಗೂ ಉದ್ಯೋಗದ ಆಧಾರದ ಮೇಲೆ ಅರ್ಜಿ ಹಾಕಿದವರ ಪತಿ ಅಥವಾ ಪತ್ನಿಯರು ಈ ಪರವಾನಗಿಯನ್ನು ಹೆಚ್ಚಾಗಿ ಬಳಸುತ್ತಾರೆ. ದಂಪತಿ ಒಟ್ಟಿಗೆ ಅರ್ಜಿ ಸಲ್ಲಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅವು ಎರಡು ಬೇರೆ ಅರ್ಜಿಗಳು. ಒಬ್ಬರಿಗೆ ದೊರೆತ ಪ್ರಯಾಣದ ಹಕ್ಕು ತಾನಾಗಿ ಮತ್ತೊಬ್ಬರಿಗೆ ಅನ್ವಯಿಸುವುದಿಲ್ಲ.

ಪದದ ಅರ್ಥ

ಪೆರೋಲ್ ಎಂಬುದು ಫ್ರೆಂಚ್ ಮೂಲದ ಪದ. ಮಾತು, ಕೊಟ್ಟ ವಚನ ಎಂಬುದು ಅದರ ಮೂಲಾರ್ಥ. ಕನ್ನಡ ಪತ್ರಿಕೆಗಳಲ್ಲಿ ಈ ಪದ ಸೆರೆಮನೆಯ ಕೈದಿಗಳಿಗೆ ನೀಡುವ ತಾತ್ಕಾಲಿಕ ಬಿಡುಗಡೆಯ ಅರ್ಥದಲ್ಲಿ ಬಳಕೆಯಲ್ಲಿದೆ. ಅಮೆರಿಕದ ವಲಸೆ ಕಾನೂನಿನಲ್ಲಿ ಇದರ ಅರ್ಥ ಬೇರೆ. ವ್ಯಕ್ತಿಯೊಬ್ಬನಿಗೆ ವೀಸಾದ ಮೂಲಕ ವಿಧ್ಯುಕ್ತ ಪ್ರವೇಶ ನೀಡದೆ, ದೇಶದೊಳಗೆ ಬಂದಿರಲು ಮಾತ್ರ ಅವಕಾಶ ಕೊಡುವುದನ್ನು ಅಲ್ಲಿ ಪೆರೋಲ್ ಎನ್ನುತ್ತಾರೆ. ಅಂತಹ ಅವಕಾಶಕ್ಕೆ ಪ್ರಯಾಣಕ್ಕೆ ಮೊದಲೇ ಒಪ್ಪಿಗೆ ಪಡೆಯುವುದರಿಂದ ಇದಕ್ಕೆ ‘ಅಡ್ವಾನ್ಸ್’ ಎಂಬ ವಿಶೇಷಣ ಸೇರಿದೆ. ಇದಕ್ಕೂ ಅಪರಾಧಕ್ಕೂ ಯಾವ ಸಂಬಂಧವೂ ಇಲ್ಲ.

ಹಿನ್ನೆಲೆ

ಅಮೆರಿಕದ ಕಾಯಂ ನಿವಾಸಿಯಾಗಲು ಎರಡು ಮಾರ್ಗಗಳಿವೆ. ಹೊರದೇಶದಲ್ಲಿರುವವರು ಅಲ್ಲಿನ ಅಮೆರಿಕನ್ ದೂತಾವಾಸದಲ್ಲಿ ವಲಸೆ ವೀಸಾ ಪಡೆದು ಬರುವುದು ಮೊದಲನೆಯದು. ಈಗಾಗಲೇ ಅಮೆರಿಕದಲ್ಲಿರುವವರು ಅಲ್ಲಿಂದಲೇ ತಮ್ಮ ಸ್ಥಾನಮಾನವನ್ನು ಬದಲಾಯಿಸಿಕೊಳ್ಳುವುದು ಎರಡನೆಯದು. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 245ನೆಯ ವಿಧಿ ಎರಡನೆಯ ಮಾರ್ಗಕ್ಕೆ ಆಧಾರ. ಇದಕ್ಕಾಗಿ ಐ-485 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಪೌರತ್ವ ಮತ್ತು ವಲಸೆ ಸೇವೆಗಳ ಸಂಸ್ಥೆಯು (ಯು.ಎಸ್.ಸಿ.ಐ.ಎಸ್.) ಇದನ್ನು ಪರಿಶೀಲಿಸುತ್ತದೆ.

ಅಮೆರಿಕದ ಪೌರರ ಪತಿ ಅಥವಾ ಪತ್ನಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಉದ್ಯೋಗಾಧಾರಿತ ವರ್ಗಗಳಿಗೆ ವರ್ಷಕ್ಕೆ ಸುಮಾರು 1,40,000 ಸಂಖ್ಯೆಗಳ ಮಿತಿಯಿದೆ. ಸಾಮಾನ್ಯವಾಗಿ ಒಂದೇ ದೇಶದಲ್ಲಿ ಹುಟ್ಟಿದವರಿಗೆ ಶೇ. 7ಕ್ಕಿಂತ ಹೆಚ್ಚು ದೊರೆಯುವಂತಿಲ್ಲ. ಉದ್ಯೋಗಿಯ ಜೊತೆಗೆ ಅವರ ಸಂಗಾತಿ ಮತ್ತು ಮಕ್ಕಳೂ ಇದೇ ಲೆಕ್ಕದಲ್ಲಿ ಸೇರುತ್ತಾರೆ. ಭಾರತದಲ್ಲಿ ಹುಟ್ಟಿದವರ ಸರದಿ ಅನೇಕ ವರ್ಷಗಳಷ್ಟು ಉದ್ದವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಅರ್ಜಿ ಕೈಬಿಟ್ಟಂತಾಗುವ ನಿಯಮ

ಐ-485 ಅರ್ಜಿಯು ಅಮೆರಿಕದೊಳಗೆ ಇರುವವರಿಗೆ ಮಾತ್ರ ಮೀಸಲಾದ ಸೌಲಭ್ಯ. ಆದ್ದರಿಂದ ತೀರ್ಮಾನಕ್ಕೆ ಮೊದಲೇ ದೇಶ ಬಿಟ್ಟವರು ಆ ಸೌಲಭ್ಯವನ್ನು ಬಿಟ್ಟುಕೊಟ್ಟರೆಂದು ನಿಯಮಾವಳಿ ಭಾವಿಸುತ್ತದೆ. ಹೋದದ್ದು ಎರಡೇ ದಿನಕ್ಕೆ, ತಾಯಿಯ ಕಾಯಿಲೆಗೆ ಎಂಬ ಕಾರಣಗಳು ಈ ನಿಯಮವನ್ನು ಸಡಿಲಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಹೊರಡುವಾಗ ಯಾರೂ ತಡೆಯುವುದಿಲ್ಲವಾದ್ದರಿಂದ, ಅರ್ಜಿ ರದ್ದಾದ ಸಂಗತಿ ಮರಳುವಾಗಲೋ, ತಿಂಗಳುಗಳ ನಂತರ ಬರುವ ಪತ್ರದಿಂದಲೋ ತಿಳಿಯಬಹುದು. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ ಅಥವಾ ನಿಶ್ಚಿತಾರ್ಥವಾದವರಿಗೆ ನೀಡುವ ಕೆ-1 ವೀಸಾದಲ್ಲಿ ಬಂದು ಮದುವೆಯಾದ ಮೇಲೆ ಅರ್ಜಿ ಹಾಕಿದವರೆಲ್ಲರಿಗೂ ಈ ನಿಯಮ ಅನ್ವಯಿಸುತ್ತದೆ. ಕೆ-1 ವೀಸಾ ಒಂದೇ ಬಾರಿಯ ಪ್ರವೇಶಕ್ಕೆ ಸಲ್ಲುವುದರಿಂದ ಅವರು ಅದನ್ನೇ ಬಳಸಿ ಮರಳುವಂತೆಯೂ ಇಲ್ಲ.

ಎಚ್ ಮತ್ತು ಎಲ್ ವೀಸಾದಾರರಿಗೆ ವಿನಾಯಿತಿ

ಎಚ್-1ಬಿ ಮತ್ತು ಎಲ್-1 ವೀಸಾದ ಉದ್ಯೋಗಿಗಳಿಗೂ, ಎಚ್-4 ಮತ್ತು ಎಲ್-2 ವೀಸಾದ ಅವರ ಸಂಗಾತಿಗಳಿಗೂ ವಿನಾಯಿತಿ ಇದೆ. ಇವರು ತಮ್ಮ ಸ್ಥಾನಮಾನವನ್ನು ಕ್ರಮಬದ್ಧವಾಗಿ ಉಳಿಸಿಕೊಂಡಿದ್ದು, ಅದೇ ವರ್ಗದ ಚಾಲ್ತಿ ವೀಸಾದಲ್ಲಿ ಮರಳಿದರೆ ಐ-485 ಅರ್ಜಿಗೆ ಧಕ್ಕೆಯಾಗುವುದಿಲ್ಲ. ಉದ್ಯೋಗಿಗಳು ತಮಗೆ ಅನುಮತಿ ಇರುವ ಉದ್ಯೋಗದಾತರಲ್ಲಿಗೇ ಮರಳಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಹೊರದೇಶದ ಅಮೆರಿಕನ್ ದೂತಾವಾಸದಲ್ಲಿ ಹೊಸ ಮುದ್ರೆ ಹಾಕಿಸಿಕೊಳ್ಳಬೇಕಾಗುತ್ತದೆ. ಇದನ್ನು ಆಡುಮಾತಿನಲ್ಲಿ ‘ಸ್ಟಾಂಪಿಂಗ್’ ಎನ್ನುತ್ತಾರೆ. ಅಡ್ವಾನ್ಸ್ ಪೆರೋಲ್ ಇದ್ದವರಿಗೆ ಮರುಪ್ರವೇಶಕ್ಕೆ ವೀಸಾ ಬೇಕಿಲ್ಲ. ಸಂದರ್ಶನದ ದಿನಾಂಕ ಸಿಗದೆ ಊರಿನಲ್ಲೇ ಉಳಿಯುವ ಭಯ ಅವರಿಗಿಲ್ಲ.

ಸಂಗಾತಿಯ ಅರ್ಜಿ ಮಾತ್ರ ಉಳಿದಾಗ

ಗಂಡ ಎಚ್-1ಬಿ ವೀಸಾದಲ್ಲಿ, ಹೆಂಡತಿ ಎಚ್-4 ವೀಸಾದಲ್ಲಿ ಇದ್ದು ಒಟ್ಟಿಗೆ ಅರ್ಜಿ ಸಲ್ಲಿಸಿದರೂ ಇಬ್ಬರಿಗೂ ಒಂದೇ ದಿನ ಗ್ರೀನ್ ಕಾರ್ಡ್ ಮಂಜೂರಾಗಬೇಕೆಂಬ ನಿಯಮವಿಲ್ಲ. ಬೆರಳಚ್ಚು, ವೈದ್ಯಕೀಯ ವರದಿ, ಹಿನ್ನೆಲೆ ಪರಿಶೀಲನೆ ಇವುಗಳಲ್ಲಿ ಯಾವುದಾದರೂ ಒಂದು ಕಡತದಲ್ಲಿ ಬಾಕಿ ಉಳಿಯಬಹುದು. ಅಮೆರಿಕದ ಸರ್ಕಾರಿ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆ ವರ್ಷದ ಸಂಖ್ಯೆಗಳು ಮುಗಿದರೆ ಅಥವಾ ಅರ್ಹತೆಯ ದಿನಾಂಕ ಹಿಂದಕ್ಕೆ ಸರಿದರೆ, ಒಬ್ಬರಿಗೆ ಮಂಜೂರಾದ ಮೇಲೆ ಮತ್ತೊಬ್ಬರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಸುಲಭವಾಗಿ ಗಮನಕ್ಕೆ ಬಾರದ ಒಂದು ಬದಲಾವಣೆ ಉಂಟಾಗುತ್ತದೆ. ಎಚ್-4 ಸ್ಥಾನಮಾನವು ಎಚ್-1ಬಿ ಉದ್ಯೋಗಿಯ ಸ್ಥಾನಮಾನವನ್ನು ಅವಲಂಬಿಸಿದೆ. ಗಂಡನು ಕಾಯಂ ನಿವಾಸಿಯಾದ ದಿನವೇ ಅವನ ಎಚ್-1ಬಿ ಕೊನೆಗೊಳ್ಳುತ್ತದೆ. ಅದರೊಂದಿಗೆ ಹೆಂಡತಿಯ ಎಚ್-4 ಕೂಡ ಕೊನೆಗೊಳ್ಳುತ್ತದೆ. ಬಾಕಿ ಇರುವ ಅರ್ಜಿಯ ಬಲದಿಂದ ಅವಳು ಅಮೆರಿಕದಲ್ಲಿ ಉಳಿಯಬಹುದು. ಆದರೆ ಎಚ್-4 ವೀಸಾದಾರರಿಗಿದ್ದ ಪ್ರಯಾಣದ ವಿನಾಯಿತಿ ಅವಳಿಗೆ ಇನ್ನಿಲ್ಲ. ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ದಿನಾಂಕ ಇನ್ನೂ ಉಳಿದಿದ್ದರೂ ಅದನ್ನು ಬಳಸುವಂತಿಲ್ಲ. ಅಲ್ಲಿಂದ ಮುಂದೆ ಅವಳ ಹೊರದೇಶದ ಪ್ರಯಾಣಕ್ಕೆ ಅಡ್ವಾನ್ಸ್ ಪೆರೋಲ್ ಒಂದೇ ಆಧಾರ. ಹೆಂಡತಿ ಮುಖ್ಯ ಅರ್ಜಿದಾರಳಾಗಿ ಗಂಡ ಅವಲಂಬಿತನಾಗಿದ್ದರೂ ನಿಯಮ ಇದೇ.

ಈ ಪರವಾನಗಿ ಇಲ್ಲದೆ ಹೊರಟು ಅರ್ಜಿ ರದ್ದಾದರೂ ಎಲ್ಲ ದಾರಿಗಳೂ ಮುಚ್ಚುವುದಿಲ್ಲ. ಮುಖ್ಯ ಅರ್ಜಿದಾರರು ಕಾಯಂ ನಿವಾಸಿಯಾಗುವ ಮೊದಲೇ ಮದುವೆ ನಡೆದಿದ್ದರೆ, ಸಂಗಾತಿಯು ದೂತಾವಾಸದ ಮೂಲಕ ವಲಸೆ ವೀಸಾ ಪಡೆದು ಅವರನ್ನು ಹಿಂಬಾಲಿಸಿ ಬರಬಹುದು. ಇದಕ್ಕಾಗಿ ಮುಖ್ಯ ಅರ್ಜಿದಾರರು ಐ-824 ನಮೂನೆ ಸಲ್ಲಿಸುತ್ತಾರೆ. ಆದರೆ ಅದು ಮುಗಿಯುವವರೆಗೆ ದಂಪತಿ ಬೇರೆ ಬೇರೆ ದೇಶಗಳಲ್ಲಿ ಇರಬೇಕಾಗಬಹುದು.

ಸಂಗಾತಿಯ ಜೊತೆಗಿರಲೆಂದು ಗ್ರೀನ್ ಕಾರ್ಡ್ ಪಡೆದವರೇ ಹೊರದೇಶದಲ್ಲಿ ಉಳಿಯುವುದಕ್ಕೂ ಮಿತಿಯಿದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಗ್ರೀನ್ ಕಾರ್ಡ್ ಸಾಮಾನ್ಯವಾಗಿ ಮರುಪ್ರವೇಶಕ್ಕೆ ಸಲ್ಲುವುದಿಲ್ಲ. ದೀರ್ಘಕಾಲ ಹೊರಗಿರಬೇಕಾದವರು ಅಮೆರಿಕದಲ್ಲಿರುವಾಗಲೇ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಅದರ ಗರಿಷ್ಠ ಅವಧಿ 2 ವರ್ಷ.

ಪರವಾನಗಿ ಪಡೆಯುವ ಕ್ರಮ

ಅಡ್ವಾನ್ಸ್ ಪೆರೋಲಿಗೆ ಐ-131 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಇದನ್ನು ಐ-485ರ ಜೊತೆಗೂ, ಅದು ಬಾಕಿ ಇರುವಾಗ ಯಾವಾಗ ಬೇಕಾದರೂ ಸಲ್ಲಿಸಬಹುದು. ಹಿಂದೆ ಇದರ ಶುಲ್ಕ ಐ-485ರ ಶುಲ್ಕದಲ್ಲೇ ಸೇರಿತ್ತು. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಇದಕ್ಕೆ 630 ಡಾಲರ್ ಪ್ರತ್ಯೇಕ ಶುಲ್ಕವನ್ನು ನಿಗದಿ ಮಾಡಲಾಯಿತು. ಪರವಾನಗಿ ಮಂಜೂರಾಗುವ ಮೊದಲೇ ದೇಶ ಬಿಟ್ಟರೆ ಐ-131 ಅರ್ಜಿಯೂ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಅರ್ಜಿ ಸಲ್ಲಿಸಿದ ರಸೀದಿಯು ಪ್ರಯಾಣ ಪತ್ರವಲ್ಲ.

2011ರಲ್ಲಿ ಉದ್ಯೋಗ ಪರವಾನಗಿ ಮತ್ತು ಅಡ್ವಾನ್ಸ್ ಪೆರೋಲ್ ಎರಡನ್ನೂ ಒಂದೇ ಕಾರ್ಡಿನಲ್ಲಿ ನೀಡುವ ಪದ್ಧತಿ ಆರಂಭವಾಯಿತು. ಪ್ರತ್ಯೇಕ ಪತ್ರದ ರೂಪದಲ್ಲೂ ಪೆರೋಲ್ ನೀಡಲಾಗುತ್ತದೆ. ಎರಡು ಬಗೆಯ ಕಾರ್ಡುಗಳೂ ನೋಡಲು ಒಂದೇ ರೀತಿ ಇರುತ್ತವೆ. ಅಡ್ವಾನ್ಸ್ ಪೆರೋಲ್ ಆಗಿ ಸಲ್ಲುತ್ತದೆ ಎಂಬ ಸಾಲು ಮುದ್ರಿತವಾಗಿಲ್ಲದ ಕಾರ್ಡ್ ಕೇವಲ ಉದ್ಯೋಗ ಪರವಾನಗಿ. ಅದನ್ನು ನಂಬಿ ಪ್ರಯಾಣ ಮಾಡುವಂತಿಲ್ಲ.

ತುರ್ತು ಪ್ರಯಾಣ

ಹತ್ತಿರದ ಬಂಧುವಿನ ಮರಣ ಅಥವಾ ಗಂಭೀರ ಕಾಯಿಲೆಯಂತಹ ಸಂದರ್ಭಗಳಲ್ಲಿ ತುರ್ತು ಪರವಾನಗಿಯನ್ನು ಕೋರಬಹುದು. ಅರ್ಜಿದಾರರು ಸಂಸ್ಥೆಯ ಸಹಾಯವಾಣಿಯ ಮೂಲಕ ಸ್ಥಳೀಯ ಕಚೇರಿಯಲ್ಲಿ ಭೇಟಿಯ ಸಮಯ ಪಡೆದು, ಐ-131 ಅರ್ಜಿ, ಭಾವಚಿತ್ರಗಳು ಮತ್ತು ತುರ್ತಿನ ಆಧಾರಗಳೊಂದಿಗೆ ಹಾಜರಾಗಬೇಕು. ಆಸ್ಪತ್ರೆಯ ಅಥವಾ ಮರಣದ ದಾಖಲೆ ಕನ್ನಡದಲ್ಲಿದ್ದರೆ, ಅನುವಾದಕರು ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಲಗತ್ತಿಸಬೇಕು. ಮಂಜೂರಾತಿ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಮರಳುವಾಗ

ಅಡ್ವಾನ್ಸ್ ಪೆರೋಲ್ ಮರುಪ್ರವೇಶದ ಖಾತರಿಯಲ್ಲ. ವಿಮಾನ ನಿಲ್ದಾಣದ ವಲಸೆ ಅಧಿಕಾರಿಯೇ ಅಂತಿಮ ತೀರ್ಮಾನ ಕೈಗೊಳ್ಳುತ್ತಾರೆ. ಈ ಪರವಾನಗಿಯಲ್ಲಿ ಬಂದವರನ್ನು ಹೆಚ್ಚಿನ ವಿಚಾರಣೆಗಾಗಿ ಪ್ರತ್ಯೇಕ ಕೊಠಡಿಗೆ ಕಳುಹಿಸುವುದು ಸಾಮಾನ್ಯ. ಪರವಾನಗಿಯು ಮರಳಿ ಬರುವ ದಿನದಂದು ಚಾಲ್ತಿಯಲ್ಲಿರಬೇಕು. ಅರ್ಜಿದಾರರು ಹೊರಗಿದ್ದಾಗ ಐ-485 ತಿರಸ್ಕೃತವಾದರೆ ಪೆರೋಲ್ ಕೂಡ ರದ್ದಾಗಬಹುದು. ಹೆಚ್ಚಿನ ದಾಖಲೆ ಕೋರುವ ಪತ್ರಕ್ಕೆ ಗಡುವಿನೊಳಗೆ ಉತ್ತರಿಸದಿರುವುದು ಅಥವಾ ಬೆರಳಚ್ಚಿನ ದಿನ ಗೈರುಹಾಜರಾಗುವುದು ಇಂತಹ ತಿರಸ್ಕಾರಕ್ಕೆ ಕಾರಣವಾಗಬಹುದು. ಆದ್ದರಿಂದ ಪ್ರಯಾಣದ ಅವಧಿಯಲ್ಲಿ ಅಮೆರಿಕದ ವಿಳಾಸಕ್ಕೆ ಬರುವ ಅಂಚೆಯನ್ನು ನೋಡಿಕೊಳ್ಳಲು ಯಾರಾದರೂ ಇರುವುದು ಅಗತ್ಯ. ಬೇರೆ ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸುವವರು ಆ ದೇಶದ ನಿಯಮಗಳನ್ನೂ ತಿಳಿದಿರಬೇಕು. ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಕೆಲವು ದೇಶಗಳು ನೀಡುವ ರಿಯಾಯಿತಿ ಅಡ್ವಾನ್ಸ್ ಪೆರೋಲಿಗೂ ದೊರೆಯುತ್ತದೆಂದು ಹೇಳಲಾಗದು.

ಅಕ್ರಮ ವಾಸ ಮತ್ತು 2012ರ ತೀರ್ಪು

1996ರ ಕಾನೂನಿನ ಪ್ರಕಾರ, ಅಮೆರಿಕದಲ್ಲಿ 180 ದಿನಗಳಿಗಿಂತ ಹೆಚ್ಚು ಅಕ್ರಮವಾಗಿ ವಾಸಿಸಿ ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಾಸಿಸಿದವರಿಗೆ 10 ವರ್ಷ ಮರುಪ್ರವೇಶದ ನಿರ್ಬಂಧವಿದೆ. ಅಡ್ವಾನ್ಸ್ ಪೆರೋಲ್ ಪಡೆದು ಹೋಗಿ ಬಂದರೂ ಈ ನಿರ್ಬಂಧ ತಗಲುತ್ತದೆಯೇ ಎಂಬ ಪ್ರಶ್ನೆ ಭಾರತ ಮೂಲದ ದಂಪತಿಯೊಬ್ಬರ ಪ್ರಕರಣದಲ್ಲಿ ಎದುರಾಯಿತು. 2012ರ ಏಪ್ರಿಲ್‌ನಲ್ಲಿ ವಲಸೆ ಮೇಲ್ಮನವಿ ಮಂಡಳಿಯು, ಮುಂಚಿತ ಅನುಮತಿಯಿಂದ ಮಾಡಿದ ಇಂತಹ ತಾತ್ಕಾಲಿಕ ಪ್ರಯಾಣವು 10 ವರ್ಷದ ನಿರ್ಬಂಧಕ್ಕೆ ಕಾರಣವಾಗುವ ‘ನಿರ್ಗಮನ’ವಲ್ಲ ಎಂದು ತೀರ್ಪು ನೀಡಿತು.

ಷರತ್ತುಬದ್ಧ ನಿವಾಸಿಗಳು

ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಮದುವೆಯ ಆಧಾರದ ಮೇಲೆ ಕಾಯಂ ನಿವಾಸ ದೊರೆತರೆ ಅದು ಷರತ್ತುಬದ್ಧವಾಗಿರುತ್ತದೆ. ಕಾರ್ಡಿನ ಅವಧಿ 2 ವರ್ಷ. 1986ರಲ್ಲಿ ಸುಳ್ಳು ಮದುವೆಗಳನ್ನು ತಡೆಯಲು ಮಾಡಿದ ತಿದ್ದುಪಡಿ ಇದಕ್ಕೆ ಮೂಲ. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ನಮೂನೆ ಸಲ್ಲಿಸಿ ಷರತ್ತನ್ನು ತೆಗೆಸಿಕೊಳ್ಳಬೇಕು. ಇವರು ಈಗಾಗಲೇ ಕಾಯಂ ನಿವಾಸಿಗಳಾದ್ದರಿಂದ ಅಡ್ವಾನ್ಸ್ ಪೆರೋಲ್ ಬೇಕಿಲ್ಲ. ತೀರ್ಮಾನ ತಡವಾದಾಗ, ಅವಧಿ ಮುಗಿದ ಕಾರ್ಡ್ ಮತ್ತು ಅದರ ಅವಧಿಯನ್ನು ವಿಸ್ತರಿಸುವ ರಸೀದಿ ಪತ್ರ ಎರಡನ್ನೂ ತೋರಿಸಿ ಪ್ರಯಾಣಿಸಬಹುದು. 2023ರ ಜನವರಿಯಿಂದ ಈ ವಿಸ್ತರಣೆಯನ್ನು 48 ತಿಂಗಳಿಗೆ ಹೆಚ್ಚಿಸಲಾಯಿತು.

ಕನ್ನಡಿಗ ಕುಟುಂಬಗಳಲ್ಲಿ

ಕರ್ನಾಟಕದಿಂದ, ವಿಶೇಷವಾಗಿ ಬೆಂಗಳೂರಿನ ತಂತ್ರಜ್ಞಾನ ಉದ್ಯಮದಿಂದ, ಎಚ್-1ಬಿ ಮತ್ತು ಎಲ್-1 ವೀಸಾಗಳಲ್ಲಿ ಹೋದ ಕುಟುಂಬಗಳು ಈ ನಿಯಮಗಳನ್ನು ನೇರವಾಗಿ ಎದುರಿಸುತ್ತವೆ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಕಚೇರಿಯನ್ನು 2025ರ ಜನವರಿ 17ರಂದು ಉದ್ಘಾಟಿಸಲಾಯಿತಾದರೂ ವೀಸಾ ಸೇವೆ ಆಗ ಆರಂಭವಾಗಿರಲಿಲ್ಲ. ಕನ್ನಡಿಗರು ಬಹುಕಾಲದಿಂದ ಸ್ಟಾಂಪಿಂಗಿಗಾಗಿ ಚೆನ್ನೈ, ಹೈದರಾಬಾದುಗಳಿಗೆ ಹೋಗುತ್ತಿದ್ದಾರೆ.

ಈ ವಿಳಂಬದ ಭಾರ ಹೆಚ್ಚಾಗಿ ತಿಳಿಯುವುದು ಊರಿನಲ್ಲಿ ಸಾವು ಸಂಭವಿಸಿದಾಗ. ಕರ್ನಾಟಕದ ಬಹುತೇಕ ಸಮುದಾಯಗಳಲ್ಲಿ ಅಂತ್ಯಸಂಸ್ಕಾರ ಒಂದೆರಡು ದಿನಗಳಲ್ಲೇ ಮುಗಿಯುತ್ತದೆ. ತುರ್ತು ಪರವಾನಗಿ ಪಡೆದು ಸುಮಾರು ಒಂದು ದಿನದ ವಿಮಾನ ಪ್ರಯಾಣ ಮಾಡಿ ಬರುವವರಿಗೆ ಅಷ್ಟರಲ್ಲಿ ತಲುಪುವುದು ಕಷ್ಟ. ಅನೇಕರಿಗೆ ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಉತ್ತರಕ್ರಿಯೆಗಳಲ್ಲಿ ಭಾಗವಹಿಸಲು ಮಾತ್ರ ಸಾಧ್ಯವಾಗುತ್ತದೆ. ಗ್ರೀನ್ ಕಾರ್ಡ್ ದೊರೆತ ಮಗ ಹೊರಟು, ಕಾಗದಪತ್ರ ಬಾಕಿ ಇರುವ ಸೊಸೆ ಅಲ್ಲೇ ಉಳಿಯಬೇಕಾಗುವುದೂ, ಮಗಳೇ ಬರಲಾಗದೆ ಅಳಿಯನೊಬ್ಬನೇ ಬರುವುದೂ ಉಂಟು. ಅವರು ಬಾರದಿರುವುದಕ್ಕೆ ಮನಸ್ಸಿಲ್ಲದಿರುವುದು ಕಾರಣವಲ್ಲ, ಹೊರಟರೆ ಅನೇಕ ವರ್ಷಗಳ ಸರದಿ ಕೈತಪ್ಪುತ್ತದೆ ಎಂಬುದು ಊರಿನ ಬಂಧುಗಳಿಗೆ ಎಷ್ಟೋ ಬಾರಿ ತಿಳಿದಿರುವುದಿಲ್ಲ. ಪ್ರಯಾಣದ ಯೋಚನೆ ಇಲ್ಲದಿದ್ದರೂ ಐ-485ರ ಜೊತೆಯಲ್ಲೇ ಇಬ್ಬರೂ ಐ-131 ಸಲ್ಲಿಸಿ, ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕುವ ರೂಢಿ ಇಂತಹ ಅನುಭವಗಳಿಂದಲೇ ಬೆಳೆದಿದೆ.