ತತ್ತಿ ಕುದಿಸಿದಂಗಲ್ಲ: ಫಾಸ್ಫೇಟ್ ಸೇರಿದಾಗ ಪ್ರೋಟೀನಿನಲ್ಲಿ ಏನಾಗುತ್ತದೆ?

ಕಮಲಾಪುರದ ಪದವಿಪೂರ್ವ ಕಾಲೇಜೊಂದರಲ್ಲಿ ನನ್ನ ಬೋಧನಾಭ್ಯಾಸದ ಆರನೆಯ ಪಾಠ ಪ್ರೋಟೀನುಗಳ ಫಾಸ್ಫೊರಿಲೀಕರಣ. "ಫಾಸ್ಫೇಟ್ ಸೇರಿದರೆ ಪ್ರೋಟೀನಿನ ಆಕಾರ ಬದಲಾಗುತ್ತದೆ" ಎಂದೊಡನೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ತತ್ತಿ ಕುದಿಸಿದಂಗೇನ್ರಿ ಸರ?" ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ, ಆದರೂ ಮುಂದಿನ ಪಾಠವನ್ನೆಲ್ಲ ಅದರ ಮೇಲೆಯೇ ಕಟ್ಟಿದೆ. ಆಕಾರ ಬದಲಾಗುವುದೆಂದರೆ ಕೆಡುವುದು ಎಂದೇ ಮಕ್ಕಳ ಮನಸ್ಸಿನಲ್ಲಿ ಉಳಿದರೆ, ಜೀವಕೋಶ ತನ್ನನ್ನು ಹೇಗೆ ನಿಯಂತ್ರಿಸಿಕೊಳ್ಳುತ್ತದೆ ಎಂಬುದು ಅವರಿಗೆ ಮುಂದೆಯೂ ತಿಳಿಯುವುದಿಲ್ಲ.

ಕುದಿಸಿದ ತತ್ತಿಯ ಪ್ರೋಟೀನುಗಳು ಬಿಚ್ಚಿಕೊಂಡು, ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ತಣ್ಣಗಾದರೂ ಅದು ಮತ್ತೆ ಹಸಿ ತತ್ತಿಯಾಗದು. ಫಾಸ್ಫೊರಿಲೀಕರಣ ಹಾಗಲ್ಲ. ಕೈನೇಸ್ ಎಂಬ ಕಿಣ್ವ ಎ.ಟಿ.ಪಿ.ಯಿಂದ ಒಂದು ಫಾಸ್ಫೇಟ್ ತೆಗೆದು ಪ್ರೋಟೀನಿನ ಸೆರೀನ್, ಥ್ರಿಯೊನೀನ್ ಅಥವಾ ಟೈರೊಸೀನ್‌ಗೆ ಸೇರಿಸುತ್ತದೆ. ಫಾಸ್ಫಟೇಸ್ ಅದನ್ನು ಕಳಚುತ್ತದೆ.

ಉದಾಹರಣೆಗೆ ಸ್ನಾಯುವಿನ ಗ್ಲೈಕೋಜನ್ ಫಾಸ್ಫೊರಿಲೇಸ್ ಆರಿಸಿಕೊಂಡೆ. 1950ರ ದಶಕದಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಈ ನಿಯಂತ್ರಣವನ್ನು ಕಂಡುಕೊಂಡದ್ದು ಇದೇ ಕಿಣ್ವದಲ್ಲಿ. ಅವರಿಗೆ ನೊಬೆಲ್ ಬಂದದ್ದು 1992ರಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಮಣಿಸರದ 14ನೆಯ ಮಣಿಗೆ ಪುಟ್ಟ ಅಯಸ್ಕಾಂತ ಅಂಟಿಸಿ ತೋರಿಸಿದೆ. (ಅಯಸ್ಕಾಂತ ಇಲ್ಲಿ ವಿದ್ಯುದಾವೇಶದ ಬದಲಿಗೆ ಅಷ್ಟೇ, ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಲೇಬೇಕು.) ಈ ಕಿಣ್ವದ 14ನೆಯ ಅಮೈನೋ ಆಮ್ಲ ಸೆರೀನ್. ಅದಕ್ಕೆ ಆವೇಶವಿಲ್ಲ. ಫಾಸ್ಫೇಟ್ ಸೇರಿದರೆ ಅಲ್ಲಿ ಸುಮಾರು ಎರಡು ಋಣಾವೇಶಗಳು ಬರುತ್ತವೆ. ಸಡಿಲವಾಗಿದ್ದ ಸರಪಳಿಯ ತುದಿ ಆಗ ಧನಾವೇಶದ ಆರ್ಜಿನೀನ್‌ಗಳತ್ತ ಸೆಳೆದುಕೊಂಡು, ಕಿಣ್ವದ ಎರಡು ಘಟಕಗಳು ಕೂಡುವಲ್ಲಿ ನೆಲೆಗೊಳ್ಳುತ್ತದೆ. ಘಟಕಗಳು ತುಸು ತಿರುಗುತ್ತವೆ. ದೂರದ ಕ್ರಿಯಾತಾಣಕ್ಕೆ ಅಡ್ಡವಾಗಿದ್ದ ಕುಣಿಕೆ ಸರಿಯುತ್ತದೆ. ಗ್ಲೈಕೋಜನ್ ಒಡೆಯುವ ಕೆಲಸ ಚುರುಕಾಗುತ್ತದೆ. ಘಟಕವೊಂದರಲ್ಲಿ 800ಕ್ಕೂ ಹೆಚ್ಚು ಅಮೈನೋ ಆಮ್ಲಗಳು, ಸೇರಿದ್ದು ಒಂದೇ ಫಾಸ್ಫೇಟ್!

ಹೆಸರು ಮಾತ್ರ ಗೊಂದಲದ್ದು. ಫಾಸ್ಫೊರಿಲೇಸ್ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವುದಿಲ್ಲ. ಫಾಸ್ಫೇಟ್ ಬಳಸಿ ಗ್ಲೈಕೋಜನ್ನಿನಿಂದ ಗ್ಲುಕೋಸನ್ನು ಬಿಡಿಸುತ್ತದೆ. ಅದರ ಸೆರೀನ್‌ಗೆ ಫಾಸ್ಫೇಟ್ ಹಾಕುವುದು ಫಾಸ್ಫೊರಿಲೇಸ್ ಕೈನೇಸ್ ಎಂಬ ಬೇರೆಯೇ ಕಿಣ್ವ. ಎರಡನ್ನೂ ಹಲಗೆಯ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದರೆ ಅರ್ಧ ತೊಡಕು ಕಳೆಯುತ್ತದೆ.

'ಫಾಸ್ಫೇಟ್ ಎಂದರೆ ಸ್ವಿಚ್ ಆನ್' ಎಂದು ಬರೆಯಿಸುವ ಆಸೆಯಾಗುತ್ತದೆ, ಬರೆಯಿಸಬೇಡಿ. ಗ್ಲೈಕೋಜನ್ ಕಟ್ಟುವ ಗ್ಲೈಕೋಜನ್ ಸಿಂಥೇಸ್ ಫಾಸ್ಫೇಟ್ ಸೇರಿದಾಗ ಮಂದವಾಗುತ್ತದೆ. ಓಡುವಾಗ ರಕ್ತಕ್ಕೆ ಬರುವ ಅಡ್ರಿನಲಿನ್ ಎರಡೂ ಕಿಣ್ವಗಳಿಗೆ ಫಾಸ್ಫೇಟ್ ಸೇರುವಂತೆ ಮಾಡುತ್ತದೆ: ಒಡೆಯುವುದು ಏರುತ್ತದೆ, ಕಟ್ಟುವುದು ಇಳಿಯುತ್ತದೆ.