ಮನೆಯ ಹೊರಗೋಡೆಗೆ ಸ್ವಂತ ಕೈಯ ಬಣ್ಣ: ಒಂದು ಲೆಕ್ಕಾಚಾರ

ಮಳೆಗಾಲ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ನಮ್ಮ ಭಾಗದ ಮನೆಯೊಡೆಯರ ಕಣ್ಣು ಹೊರಗೋಡೆಯ ಮೇಲೆ ಬೀಳುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಬಿಳಿ ಗೋಡೆ ಎರಡೇ ಮಳೆಗಾಲಕ್ಕೆ ಕಪ್ಪಾಗುವುದು ಹೊಸ ಸಂಗತಿಯಲ್ಲ. ಅಂಗಡಿಯ ದಾಸ್ತಾನನ್ನು ಪೈಸೆಗೆ ಪೈಸೆ ಲೆಕ್ಕ ಹಾಕುವ ವರ್ತಕ ಬಂಧುಗಳೂ ಮನೆಯ ಬಣ್ಣದ ವಿಷಯದಲ್ಲಿ ಗುತ್ತಿಗೆದಾರರು ಹೇಳಿದ ಮೊತ್ತಕ್ಕೆ ತಲೆಯಾಡಿಸುವುದನ್ನು ಕಂಡಿದ್ದೇನೆ. ನಾನೂ ಹಾಗೆಯೇ ಮಾಡುತ್ತಿದ್ದವನು.

ಹಿಂದಿನ ಬಾರಿ ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟ ಹತ್ತೇ ದಿನಗಳಲ್ಲಿ ಕೆಲಸ ಮುಗಿದಿತ್ತು. ಎರಡನೆಯ ಮಳೆಗಾಲದಲ್ಲಿ ಪಡುವಣ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದಿತು. ಕೆರೆದು ನೋಡಿದರೆ ಅಡಿಯಲ್ಲಿ ಪ್ರೈಮರ್ ಇರಲಿಲ್ಲ, ಬಿಲ್ಲಿನಲ್ಲಿ ಇತ್ತು. ಆದರೆ ಗುತ್ತಿಗೆದಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಗೋಡೆ ಒಣಗುವ ಮೊದಲೇ, ಹಬ್ಬದೊಳಗೆ ಮುಗಿಯಲೇಬೇಕೆಂದು ಒತ್ತಾಯಿಸಿದವನು ನಾನೇ.

ಆದ್ದರಿಂದ ಈ ಬಾರಿ ಜನವರಿಯವರೆಗೆ ಕಾದು, ರಜಾದಿನಗಳಲ್ಲಿ ಸ್ವತಃ ಕೆಲಸಕ್ಕಿಳಿದೆ. ಗೋಡೆಯ ವಿಸ್ತೀರ್ಣ 1,500 ಚದರ ಅಡಿ. ಗುತ್ತಿಗೆಯ ಅಂದಾಜು 42,000 ರೂಪಾಯಿ ಇತ್ತು; ಸಾಮಗ್ರಿಗೆ 19,000, ಕೂಲಿಗೆ 23,000. ನನಗೆ ತಗಲಿದ್ದು ಹೀಗೆ: ಸಾಮಗ್ರಿಗೆ 20,500, ಬ್ರಷ್, ರೋಲರ್, ಕೆರೆಯುವ ಪಟ್ಟಿ ಮತ್ತು ಏಣಿಯ ಬಾಡಿಗೆಗೆ 3,500, ಮಹಡಿಯ ಭಾಗಕ್ಕೆ ಕರೆಸಿದ ಇಬ್ಬರು ಕೆಲಸಗಾರರ ಮೂರು ದಿನದ ಕೂಲಿ 6,000, ಒಟ್ಟು 30,000. ಸಾಮಗ್ರಿಯ ಖರ್ಚು ಹೆಚ್ಚಿದ್ದಕ್ಕೆ ಕಾರಣ ನನ್ನ ಅನನುಭವ. ಲೀಟರಿಗೆ 50 ಚದರ ಅಡಿಯಂತೆ ಎರಡು ಕೋಟಿಗೆ 30 ಲೀಟರ್ ಸಾಕೆಂದು ಎಣಿಸಿದ್ದೆ. ಹಳೆಯ ಗಾರೆಯ ಒರಟು ಗೋಡೆ ಇನ್ನೂ ನಾಲ್ಕು ಲೀಟರ್ ಕುಡಿಯಿತು.

ಉಳಿತಾಯ 12,000 ರೂಪಾಯಿ. ನಾನು ದುಡಿದದ್ದು 46 ಗಂಟೆ. ಅಂದರೆ ಗಂಟೆಗೆ ಸುಮಾರು 260 ರೂಪಾಯಿ. (ಏಣಿ ಹಿಡಿದು ನಿಂತ ಮಗನ ಸಮಯವನ್ನು ಸೇರಿಸಿಲ್ಲ, ಅವನು ಆಕ್ಷೇಪವೆತ್ತಿದ್ದಾನೆ.) ನಮ್ಮ ವೃತ್ತಿಯ ಶುಲ್ಕಕ್ಕೆ ಹೋಲಿಸಿದರೆ ಇದು ಅಲ್ಪವೇ. ಆದರೆ ಉಳಿಸಿದ ಹಣ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ. ಸೆಸ್ ಸೇರಿ ಶೇಕಡಾ 31.2 ತೆರುವವರು 12,000 ರೂಪಾಯಿ ಕೈಗೆ ಉಳಿಯಬೇಕಾದರೆ ಸುಮಾರು 17,400 ರೂಪಾಯಿ ಗಳಿಸಬೇಕು. ಆಗ ಗಂಟೆಯ ಬೆಲೆ 380ರ ಹತ್ತಿರಕ್ಕೆ ಬರುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೊಂದು ಅಂಕಿ. 46 ಗಂಟೆಗಳಲ್ಲಿ ಬ್ರಷ್ ಹಿಡಿದದ್ದು 19 ಗಂಟೆ ಮಾತ್ರ. ಉಳಿದ 27 ಗಂಟೆ ತೊಳೆಯುವುದು, ಕೆರೆಯುವುದು, ಬಿರುಕು ತುಂಬುವುದರಲ್ಲೇ ಕಳೆಯಿತು. ಕಣ್ಣಿಗೆ ಕಾಣದ ಕೆಲಸವಿದು; ಚದರ ಅಡಿಯ ದರ ಕುಗ್ಗಿದಾಗ ಮೊದಲು ಕೈಬಿಟ್ಟು ಹೋಗುವುದೂ ಇದೇ. ಪಾಚಿ ಹಿಡಿದ ಜಾಗಕ್ಕೆ ಬ್ಲೀಚಿಂಗ್ ದ್ರಾವಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಅದಕ್ಕೆ ಆಮ್ಲವನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಹಳೆಯ ಸುಣ್ಣದ ಪುಡಿ ಏಳುವ ಗೋಡೆಯಾದರೆ ಅದು ಪೂರ್ತಿ ಹೋಗುವವರೆಗೆ ಕೆರೆಯದೆ ಎಮಲ್ಷನ್ ನಿಲ್ಲದು. ಹೊಸ ಗಾರೆಯಾದರೆ ಸುಮಾರು 28 ದಿನ ಬಿಡಬೇಕು. ಮತ್ತೊಂದು ಎಚ್ಚರಿಕೆ: ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಳೆಯ ಬಣ್ಣವನ್ನು, ವಿಶೇಷವಾಗಿ ಗ್ರಿಲ್ಲು ಬಾಗಿಲುಗಳ ಎನಾಮೆಲನ್ನು, ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನು ದೂರವಿರಿಸಬೇಕು.

ಊರಿನಿಂದ ಊರಿಗೆ ಗೋಡೆಯ ಶತ್ರು ಬೇರೆ. 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪುವಿನ ಕಡಲ ಬದಿಯಲ್ಲಿ ಉಪ್ಪುಗಾಳಿಯದೇ ಕಾಟ. ಅಲ್ಲಿ ಗೋಡೆಯನ್ನು ಸಿಹಿನೀರಿನಲ್ಲಿ ತೊಳೆದು, ಗ್ರಿಲ್ಲಿನ ತುಕ್ಕು ತೆಗೆದ ಮೇಲೆಯೇ ಮುಂದಿನ ಮಾತು. ಗುಡ್ಡದ ಮೇಲಿನ ಮಣಿಪಾಲದಲ್ಲಿ ಗಾಳಿಯೊಡನೆ ಓರೆಯಾಗಿ ಬಡಿಯುವ ಮಳೆ ಬಿರುಕನ್ನು ಹುಡುಕುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಪಾಚಿಯೇ ಪಾಚಿ. 1432ರಲ್ಲಿ ಸ್ಥಾಪಿತವಾದ ಅಲ್ಲಿನ ಕಲ್ಲಿನ ಬಾಹುಬಲಿಗೆ ಬಣ್ಣದ ಹಂಗಿಲ್ಲ. ನೀರು ಹೀರುವ ನಮ್ಮ ಕೆಂಪುಕಲ್ಲಿನ ಗೋಡೆಗೆ ಆ ಭಾಗ್ಯವಿಲ್ಲ.

ಮಹಡಿಯ ಭಾಗವನ್ನು ನಾನು ಮುಟ್ಟಲಿಲ್ಲ. ಐವತ್ತು ದಾಟಿದವರು ಏಣಿಯ ಮೇಲೆ ನಿಂತು ಉಳಿಸುವ ಹಣ ಒಂದು ಮೂಳೆಯ ಚಿಕಿತ್ಸೆಗೂ ಸಾಲದು. ಮನೆಗೆ ಬರುವ ವಿದ್ಯುತ್ ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿ ಇಡುವುದಂತೂ ಪ್ರಾಣಕ್ಕೇ ಸಂಚಕಾರ. ಕೆಲಸಗಾರರನ್ನು ಕರೆಸುವಾಗಲೂ ಸೊಂಟದ ಹಗ್ಗ ಕೊಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಸೇರಿದ್ದಾರೆಯೇ ಎಂದು ವಿಚಾರಿಸಿ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುತ್ತದೆ. ನನ್ನಲ್ಲಿಗೆ ಬಂದ ಇಬ್ಬರಲ್ಲಿ ಒಬ್ಬರಿಗೆ ಅದು ಇರಲಿಲ್ಲ.

ತೆರಿಗೆಯ ವಿಷಯ ಚಿಕ್ಕದು. ಸ್ವಂತ ವಾಸದ ಮನೆಯ ಬಣ್ಣಕ್ಕೆ ಯಾವ ಕಡಿತವೂ ಇಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ವಾರ್ಷಿಕ ಮೌಲ್ಯದ ಶೇಕಡಾ 30ರ ಕಡಿತ ಖರ್ಚು ಮಾಡಿದರೂ ಮಾಡದಿದ್ದರೂ ಒಂದೇ. ಮನೆಯ ಮುಂಭಾಗದಲ್ಲೇ ಅಂಗಡಿಯಿದ್ದರೆ ಆ ಭಾಗದ ಖರ್ಚನ್ನು ದುರಸ್ತಿ ವೆಚ್ಚವಾಗಿ ವ್ಯಾಪಾರದ ಲೆಕ್ಕಕ್ಕೆ ತರಬಹುದು. ಬಂಡವಾಳ ವೆಚ್ಚವಾಗಿ ತೋರಿಸದಿದ್ದರೆ ಬಣ್ಣದ ಮೇಲಿನ ಶೇಕಡಾ 18ರ ಜಿಎಸ್‌ಟಿಯ ಹೂಟ್ಟುವಳಿ ಜಮೆಯೂ, ನೋಂದಾಯಿತರಿಗೆ, ಆ ಭಾಗದ ಮಟ್ಟಿಗೆ ಸಿಗುತ್ತದೆ. ಅದಕ್ಕೆ ಬಿಲ್ಲು ಬೇಕು, ವಿಸ್ತೀರ್ಣದ ಪ್ರಕಾರ ಹಂಚಿಕೆ ಬೇಕು.

ಬಣ್ಣ ಬಳಿದ ಮೇಲೆ ಎರಡು ಮಳೆಗಾಲ ಕಳೆದಿವೆ. ಪಡುವಣ ಗೋಡೆ ಗಟ್ಟಿಯಾಗಿದೆ. ಬಚ್ಚಲಿನ ಪೈಪಿನ ಕೆಳಗೆ ಮಾತ್ರ ಒಂದು ಮೊಳದಷ್ಟು ಜಾಗ ಉಬ್ಬಿದೆ. ಪೈಪು ಸೋರುತ್ತಿದ್ದುದನ್ನು ನೋಡದೆ ಬಳಿದದ್ದು ನನ್ನದೇ ತಪ್ಪು. ಬಣ್ಣದ ಶೇಡ್ ಸಂಖ್ಯೆ, ಕೊಂಡ ದಿನಾಂಕ, ತಗಲಿದ ಲೀಟರುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆತೆರಿಗೆ ರಶೀದಿಗಳ ಕಡತದಲ್ಲಿ ಇರಿಸಿದ್ದೇನೆ. ಪೈಪು ಸರಿಪಡಿಸಿ, ಬರುವ ಜನವರಿಯಲ್ಲಿ ಆ ಜಾಗಕ್ಕೆ ಉಳಿದ ಬಣ್ಣ ಸಾಕು.