ಕ್ಷೋಭೆಯ ಕಾಲದ ರೋಮನ್ ಬೆಳ್ಳಿ ನಾಣ್ಯಗಳು

ಅಮರಕೋಶವು ನಿಷ್ಕದೊಡನೆ ಹೇಳುವ ‘ದೀನಾರ’ವು ಮೂಲತಃ ನಮ್ಮ ನೆಲದ ಶಬ್ದವಲ್ಲ. ರೋಮನರ ಬೆಳ್ಳಿ ನಾಣ್ಯಕ್ಕೆ ‘ದೆನಾರಿಯಸ್’ ಎಂದು ಹೆಸರು. ಅದೇ ಇತ್ತ ಬಂದು ದೀನಾರವಾಯಿತು. ಇಲ್ಲಿ ಆ ಹೆಸರು ಹೊನ್ನಿನ ನಾಣ್ಯಕ್ಕೆ ಸಂದುದು ಶಬ್ದಲೋಕದ ವಿನೋದಗಳಲ್ಲೊಂದು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ.

ರೋಮಿನಲ್ಲಿ ಈ ನಾಣ್ಯವು ಕೇವಲ ವಿನಿಮಯದ ಸಾಧನವಾಗಿರಲಿಲ್ಲ. ಆಳುವವನ ಮಾತನ್ನು ದೂರದ ಪಾಳೆಯದ ಸೈನಿಕನ ಅಂಗೈಗೆ ಮುಟ್ಟಿಸುತ್ತಿದ್ದುದು ಸಂಬಳದ ನಾಣ್ಯವೇ. ರಾಜ್ಯವು ತಳಮಳಗೊಂಡಾಗಲಂತೂ ಆ ಮಾತು ಮತ್ತಷ್ಟು ಜೋರಾಗುತ್ತಿತ್ತು.

ಕ್ರಿ. ಪೂ. 44ರಲ್ಲಿ ಜೂಲಿಯಸ್ ಸೀಸರನು ತನ್ನ ಮುಖವನ್ನೇ ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಬದುಕಿರುವವನ ಮುಖವನ್ನು ರೋಮ್ ನಗರದ ಟಂಕಸಾಲೆಯು ಅದುವರೆಗೆ ಒತ್ತಿರಲಿಲ್ಲ. ಈತನು ಅರಸನಾಗಲೆಳಸುವನೆಂಬ ಶಂಕೆಯಿಂದ ಅದೇ ವರ್ಷ ಮಾರ್ಚ್ 15ರಂದು ಅವನನ್ನು ಇರಿದು ಕೊಂದವರಲ್ಲಿ ಬ್ರೂಟಸನು ಪ್ರಮುಖನು. ಕ್ರಿ. ಪೂ. 42ರ ಸುಮಾರಿಗೆ ಆತನು ತನ್ನ ಸೇನೆಗಾಗಿ ಹೊರಡಿಸಿದ ನಾಣ್ಯದ ಹಿಂಬದಿಯಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಒಂದು ಟೊಪ್ಪಿಗೆ, ಕೆಳಗೆ ಆ ಕೊಲೆಯ ದಿನ. ದಾಸ್ಯದಿಂದ ಬಿಡುಗಡೆ ಹೊಂದಿದವನು ತೊಡುವ ಟೊಪ್ಪಿಗೆಯದು. ಹತ್ಯೆಯನ್ನು ಮರೆಮಾಚದೆ ಸ್ವಾತಂತ್ರ್ಯವೆಂದು ಸಾರಿದ ಈ ಧೈರ್ಯ ಸಾಮಾನ್ಯವಲ್ಲ. ಆದರೆ ನಾಣ್ಯವನ್ನು ಮಗುಚಿ ನೋಡಿದರೆ ಅಲ್ಲಿರುವುದು ಬ್ರೂಟಸನದೇ ಮುಖ! ಸೀಸರನಲ್ಲಿ ಯಾವುದು ಅಹಂಕಾರವೆನಿಸಿತ್ತೋ ಅದನ್ನೇ ಆತನ ಹಂತಕನೂ ಮಾಡಿದನು.

ಕ್ರಿ. ಶ. 69ರಲ್ಲಿ ಒಂದೇ ವರ್ಷಕ್ಕೆ ನಾಲ್ವರು ಚಕ್ರವರ್ತಿಗಳಾದರು. ಅವರಲ್ಲಿ ಎರಡನೆಯವನಾದ ಒಥೋ ಆಳಿದ್ದು ಮೂರೇ ತಿಂಗಳು. ಅಂತರ್ಯುದ್ಧದಲ್ಲಿ ಸೋತು ಆತ್ಮಹತ್ಯೆ ಮಾಡಿಕೊಂಡನು. ಆತನ ನಾಣ್ಯದ ಮೇಲಿನ ಬರಹವೋ ‘ಭೂಮಂಡಲದ ಶಾಂತಿ’! ಅದೇ ಕಲಹದಲ್ಲಿ ಹೊರಟ ಮತ್ತೆ ಕೆಲವು ನಾಣ್ಯಗಳಲ್ಲಿ ಪರಸ್ಪರ ಹಿಡಿದ ಎರಡು ಕೈಗಳಿವೆ. ‘ಸೇನೆಗಳ ನಿಷ್ಠೆ’ ಎಂಬುದು ಅಲ್ಲಿನ ಒಕ್ಕಣೆ. ಯಾವುದು ಇಲ್ಲವೋ ಅದನ್ನೇ ನಾಣ್ಯವು ಸಾರುತ್ತಿದ್ದುದನ್ನು ವಾಚಕರು ಗಮನಿಸಬೇಕು.

ಮೂರನೆಯ ಶತಮಾನದಲ್ಲಿ ಚಿತ್ರದೊಡನೆ ಲೋಹವೂ ಸುಳ್ಳಾಯಿತು. 260ರಲ್ಲಿ ವಲೇರಿಯನ್ ಚಕ್ರವರ್ತಿಯು ಪರ್ಷಿಯದ ಶಾಪುರನಿಗೆ ಸೆರೆಸಿಕ್ಕಿದನು. ಆತನ ಮಗ ಗ್ಯಾಲಿಯೆನಸನು ಎಲ್ಲ ಗಡಿಗಳಲ್ಲಿಯೂ ಕಾದಾಡಬೇಕಾಯಿತು. ಸೈನಿಕರಿಗೆ ಸಂಬಳ ಕೊಡದೆ ವಿಧಿಯಿಲ್ಲ, ಬೊಕ್ಕಸದಲ್ಲಿ ಬೆಳ್ಳಿಯಿಲ್ಲ. ಆಗ ಚಲಾವಣೆಯಲ್ಲಿದ್ದ, ಕಿರಣಕಿರೀಟದ ಮುಖವುಳ್ಳ ನಾಣ್ಯದಲ್ಲಿ ಆತನ ಆಳ್ವಿಕೆಯ ಕೊನೆಗೆ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ತಾಮ್ರವೇ ಹೆಚ್ಚಾದ ಬಿಲ್ಲೆ, ಮೇಲೆ ಬೆಳ್ಳಿಯ ತೆಳು ಲೇಪ. ನಾಲ್ಕು ಕೈ ದಾಟುವಷ್ಟರಲ್ಲಿ ಅದೂ ಸವೆಯುತ್ತಿತ್ತು. ಅಂಥ ನಾಣ್ಯಗಳ ಮೇಲೆ ಆತನು ಬರೆಯಿಸಿದ ಒಕ್ಕಣೆಗಳಲ್ಲಿ ‘ಸೈನಿಕರ ನಿಷ್ಠೆ’ ಎಂಬುದೂ ಒಂದು. 268ರಲ್ಲಿ ಮಿಲಾನ್ ಮುತ್ತಿಗೆಯ ವೇಳೆಯಲ್ಲಿ ಆತನನ್ನು ಕೊಂದವರು ಆತನದೇ ದಂಡನಾಯಕರು.